ಹೊಲಿದ ಒಂದು ಶೂ

ಗುರುವಾರ, ಮಾರ್ಚ್ ೧೪. ರಾತ್ರಿ ಹತ್ತು.

ಸಂಜೆಯಿಡೀ ನನ್ನ ಜೊತೆಗಾರನ ಜ್ವರದ ಮೇಲೆ ಸಿಟ್ಟಾಗಿದ್ದೆ. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತಿದೆ.

ಈ ಊರಿಗೆ ಬಂದ ನಾಲ್ಕು ತಿಂಗಳಲ್ಲಿ ನಮ್ಮ ಕ್ರೈಸ್ತ ಪಂಥದ ಮಾರ್ಮನ್ ಗ್ರಂಥದ ಮಾತು ಕೇಳುತ್ತೇನೆಂದವರು ಒಬ್ಬರೇ, ಶೂ ರಿಪೇರಿಯ ತಾತ. ಇವತ್ತು ಐದಕ್ಕೆ ಅಂಗಡಿಗೆ ಬರಹೇಳಿದ್ದರು. ಆದರೆ ನಮ್ಮಂಥ ಮಿಷನರಿಗಳು ಜೊತೆಗಾರನನ್ನು ಬಿಟ್ಟು ಒಬ್ಬರೇ ಹೋಗುವಂತಿಲ್ಲ.

"ಹೋಗಿ ಬಾ ಎಲ್ಡರ್, ನಾನೇನೂ ಸಾಯಲ್ಲ," ಎಂದ ಅವನು. ನಮ್ಮ ಮಿಷನರಿಗಳು ಒಬ್ಬರನ್ನೊಬ್ಬರು ಕರೆಯುವುದೇ ಎಲ್ಡರ್ ಎಂದು.

ಶೂ ಹಾಕಿ, ಕರಪತ್ರ ಜೇಬಿಗಿಟ್ಟು ಮೆಟ್ಟಿಲ ತನಕ ಹೋದೆ. ಒಳಗೆ ಅವನು ಕೆಮ್ಮಿದ. ವಾಪಸ್ ಬಂದು, ಶೂ ಕೂಡ ಬಿಚ್ಚದೆ, ಅವನ ಹಣೆಯ ಬಟ್ಟೆ ಒದ್ದೆ ಮಾಡಿದೆ. ಜಗತ್ತನ್ನೇ ಬದಲಿಸಲು ಹೊರಟವನು ಬಟ್ಟೆ ಹಿಂಡುತ್ತ ಕೂತಿದ್ದೇನಲ್ಲ ಅನ್ನಿಸಿತು.

ಏಳಕ್ಕೆ ಯಾರೋ ಬಾಗಿಲು ಬಡಿದರು. ತಾತ!

"ಏನಪ್ಪಾ, ಊರಿನ ಬಾಗಿಲೆಲ್ಲ ಬಡೀತೀರಿ, ತೆರೆದಿರೋ ಬಾಗಿಲಿಗೆ ಮಾತ್ರ ಬರಲ್ವಾ?"

ಹಾಸಿಗೆ ಕಂಡದ್ದೇ ಅವರ ದನಿ ಇಳಿಯಿತು. ನೆಲದ ಮೇಲೆ ಕೂತು, ನನ್ನ ಎಡಗಾಲಿನ ಶೂ ಬಿಚ್ಚಿಸಿ, ಬಾಯಿಬಿಟ್ಟ ಅಟ್ಟೆ ನೋಡಿ, ಚೀಲದಿಂದ ಸೂಜಿ ದಾರ ತೆಗೆದರು.

"ಓದು. ಕೈಗೆ ಬಿಡುವಿಲ್ಲ, ಕಿವಿಗಿದೆ."

ಗ್ರಂಥ ತೆರೆದು ಓದತೊಡಗಿದೆ, ಬಾಯಿಪಾಠವಾದ ಸಾಲುಗಳಲ್ಲೂ ತಡವರಿಸಿದೆ. ಎರಡು ಪುಟ ಓದುವಷ್ಟರಲ್ಲಿ ಹೊಲಿಗೆ ಮುಗಿಯಿತು. ಬಲಗಾಲಿನದನ್ನೂ ಕೊಡಹೋದರೆ ತಾತ ಎದ್ದುಬಿಟ್ಟರು.

"ಅದನ್ನ ಅಂಗಡಿಗೇ ತನ್ನಿ. ಇವನು ಎದ್ದ ಮೇಲೆ, ಇಬ್ಬರೂ."

ಜ್ವರ ಇಳಿಯುತ್ತಿದೆ. ಶೂಗಳು ಬಾಗಿಲ ಬಳಿ ಇವೆ, ಬಲಗಾಲಿನದು ಇನ್ನೂ ಬಾಯಿ ಬಿಟ್ಟುಕೊಂಡು. ಹಾಗೇ ಇರಲಿ, ಇವನು ಎದ್ದು ನಿಲ್ಲುವ ತನಕ…