ಎಡ ಹೆಗಲಿನ ಪ್ಯಾಡ್

ಗಂಗಾ,

ಬ್ಯಾಡಗಿ ಅಂಗಡಿಗೆ ಹೊಂಟೇನಿ. ಭುವನಾಗ ಬೆನ್ನಿನ ಬೆಲ್ಟ್ ಹಾಕೇ ಸಾಲಿಗೆ ಕಳಸು. ಜಳಕಕ್ಕಷ್ಟ ಬಿಚ್ಚು. ಅತ್ತರೂ ಸಡಿಲ ಮಾಡಬ್ಯಾಡ. ಚರ್ಮ ಕೆಂಪಾಗೇತಿ, ಒಳಗ ಹತ್ತಿ ಬನಿಯನ್ ಹಾಕು.

ಅವ್ವ ಅಕಿ ಬೆನ್ನು ತಿಕ್ಕಿಸಾಕ ಕರ್ಜಗಿ ನಾಟಿ ವೈದ್ಯನ ಕಡೆ ಕರ್ಕೊಂಡು ಹೋಗ್ತೀನಿ ಅಂದ್ರ ಬ್ಯಾಡ ಅನ್ನು. ತಿಕ್ಕಿದ್ರ ಬೆನ್ನೆಲುಬು ನೆಟ್ಟಗಾಗೂದಿಲ್ಲ. ಬೆಲ್ಟಿನಿಂದನೂ ಆಗೂದಿಲ್ಲಂತ. ಅಕಿ ಬೆಳೆಯೂ ತನಕ ಇನ್ನಷ್ಟು ಡೊಂಕಾಗದಂಗ ತಡದ್ರ ಅದ ದೊಡ್ಡದು.

ಬೆಲ್ಟಿನ ಮ್ಯಾಲೆ ಹಿಡಿಯುವಂಥ ಯೂನಿಫಾರ್ಮ್ ಹೊಲೀಬೇಕು. ನಿನ್ನೆ ಟೇಪ್ ಹಿಡಕೊಂಡು ಅಕಿ ಹಿಂದ ನಿಂತೆ, ಕೈ ಏಳಲಿಲ್ಲ. ಅಳತಿ ನೀನ ತೊಗೊಂಡು ಈ ಚೀಟಿ ಹಿಂದ ಬರದಿಡು.

"ಮಗಳ ಬೆನ್ನು ಡೊಂಕಾಗಿದ್ದು ಇಷ್ಟು ದಿನ ಕಾಣಲಿಲ್ಲೇನು?" ಅಂತ ಡಾಕ್ಟರ್ ಕೇಳಿದಾಗ, "ನಂದ ತಪ್ಪರಿ" ಅಂದಿ ನೀನು. ನಾನು ಸುಮ್ಮನ ಕುಂತೆ.

ನಾನು ಟೇಲರ್, ಗಂಗಾ. ಎರಡು ವರ್ಷದಿಂದ ಅಕಿ ಅಂಗಿ ಎಡಕ್ಕ ಇಳೀತಿತ್ತು. ಹೆಗಲಿನೊಳಗ ಪ್ಯಾಡ್ ಇಟ್ಟು ಸಮ ಮಾಡಿ ಹೊಲ್ದೆ. ಫಿಟಿಂಗ್ ಚಲೋ ಬಂತು ಅಂತ ಹಿಗ್ಗಿದೆ.

ಹಳೇ ಯೂನಿಫಾರ್ಮ್ ಟ್ರಂಕಿನ್ಯಾಗ ಅದಾವ. ಎಡ ಹೆಗಲು ಮುಟ್ಟಿ ನೋಡು. ಹೋದ ವರ್ಷದ್ದಕ್ಕಿಂತ ಈ ವರ್ಷದ ಪ್ಯಾಡ್ ದಪ್ಪ ಐತಿ.