ನೀನು ಕೇಳಿದ್ದ ಹೆಸರು

ಅಕ್ಕಾ,

ನಾನು, ನಿನ್ನ ತಮ್ಮ ಮಂಜ. ನೀನು ಹೋಗಿ ಏಳು ತಿಂಗಳಾಯಿತು. ನೀನಿದ್ದಾಗ ಎದುರಿಗೆ ಹೇಳಲು ಧೈರ್ಯ ಬಾರದ ಮಾತೊಂದನ್ನು ಈಗ ಕಾಗದದಲ್ಲಿ ಬರೆಯುತ್ತಿದ್ದೇನೆ. ಹೇಡಿ ಅನ್ನು, ಪರವಾಗಿಲ್ಲ.

ಫೋನ್ ತೆರೆದರೆ ಸಾಕು, ಯಾರಾದರೂ ತಲೆ ಮೇಲೆ ಐಸ್ ನೀರು ಸುರಿದುಕೊಂಡು ಕಿರುಚುತ್ತಿದ್ದ ಕಾಲ ನೆನಪಿದೆಯಾ? ಯಾವುದೋ ಕಾಯಿಲೆಯ ಬಗ್ಗೆ ಜನಕ್ಕೆ ತಿಳಿಯಲಿ ಅಂತ ಶುರುವಾದ ಚಾಲೆಂಜ್. ಸುರಿದುಕೊಂಡವರು ಇನ್ನು ಮೂವರ ಹೆಸರು ಕೂಗಬೇಕು, ಅವರೂ ಸುರಿದುಕೊಳ್ಳಬೇಕು. ದಾಬಸ್‌ಪೇಟೆಯ ಗೋಡೌನಿನಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದವನೊಬ್ಬ ನನ್ನ ಹೆಸರು ಕೂಗಿದ್ದ. ಭಾನುವಾರ ಕಬ್ಬಿನ ಹಾಲಿನ ಅಂಗಡಿಯಿಂದ ಐಸ್ ತಂದೆ. ನೀನು ಟ್ಯಾಂಕರಿನ ಹತ್ತಿರ ಜಗಳವಾಡಿ ಹಿಡಿದಿಟ್ಟಿದ್ದ ಎರಡು ಕೊಡ ನೀರು ನನ್ನ ತಲೆ ಮೇಲೆ ಹೋಯಿತು. ವಿಡಿಯೊ ಮಾಡಿದವಳು ನೀನೇ, ನಗು ತಡೆಯಲಾಗದೆ ಫೋನ್ ಅಲುಗಾಡಿಸಿಬಿಟ್ಟೆ. ಕೊನೆಗೆ ನಾನು ಕೂಗಿದ ಮೊದಲ ಹೆಸರೇ ನಿನ್ನದು.

"ಯಾವ ಕಾಯಿಲೆಗೋ ಇದು?" ಅಂದೆ ನೀನು.

"ನರದ ಕಾಯಿಲೆಯಂತೆ ಕಣಕ್ಕ. ಇಂಗ್ಲಿಷ್ನಾಗೆ ಏನೋ ಐತೆ."

"ಹೆಸ್ರೇ ಗೊತ್ತಿಲ್ದೆ ಎರಡು ಕೊಡ ನೀರು ಹಾಳ್ ಮಾಡ್ದ್ಯಾ? ಹೆಸ್ರು ತಿಳ್ಕೊಂಡ್ ಬಾ, ನಾನೂ ಸುರ್ಕೋತೀನಿ. ಅಲ್ಲಿಗಂಟ ನನ್ ಕೊಡ ಮುಟ್ಬೇಡ."

ನಾನು ತಿಳಿದುಕೊಳ್ಳಲಿಲ್ಲ. ಎಷ್ಟು ಜನ ಲೈಕ್ ಕೊಟ್ಟರು ಅಂತ ನೋಡುತ್ತಾ ಕುಳಿತೆ.

ಮಗ್ಗದಲ್ಲಿ ಎಳೆ ಕಡಿದಾಗ ನೀನು ಗಂಟು ಹಾಕುತ್ತಿದ್ದ ಚೆಂದ ಈಗಲೂ ಕಣ್ಣಿಗೆ ಕಟ್ಟುತ್ತದೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗವಿಲ್ಲದ ಮನೆಯಿಲ್ಲ, ಆದರೆ ಎಳೆಯ ಕಡೆ ನೋಡದೆ, ಪಕ್ಕದವರೊಂದಿಗೆ ಮಾತಾಡುತ್ತಲೇ ಎರಡು ಬೆರಳಲ್ಲಿ ಗಂಟು ಮುಗಿಸುತ್ತಿದ್ದವಳು ನೀನೊಬ್ಬಳೇ. ಆ ವಿಡಿಯೊ ಆಗಿ ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಅದೇ ಗಂಟು ಮೂರು ಸಲ ಜಾರಿತು. "ಏನಕ್ಕ, ವಯಸ್ಸಾಯ್ತಾ?" ಅಂತ ರೇಗಿಸಿದೆ. "ಹೋಗ್ಲಾ, ಬೆರಳು ಮಾತೇ ಕೇಳ್ತಿಲ್ಲ" ಅಂದೆ ನೀನು. ಆಮೇಲೆ ಕೈಯಿಂದ ಕೊಡ ಬಿತ್ತು. ಆಮೇಲೆ ನೀನೇ...

ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು ಮೂರು ಇಂಗ್ಲಿಷ್ ಅಕ್ಷರ ಹೇಳಿದರು. ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಎಲ್ಲಿ ಅಂತ ಆಮೇಲೆ ಹೊಳೆಯಿತು. ನನ್ನ ವಿಡಿಯೊ ಕೆಳಗೆ, ಬೇರೆಯವರದನ್ನು ನೋಡಿ ನಾನೇ ಹಾಕಿದ್ದ ಅಕ್ಷರಗಳು ಅವು. ಕೈಕಾಲು, ಮಾತು, ಕೊನೆಗೆ ಉಸಿರು ಒಂದೊಂದಾಗಿ ನಿಲ್ಲುತ್ತವೆ, ಬುದ್ಧಿ ಮಾತ್ರ ಹಾಗೇ ಇರುತ್ತದೆ, ವಾಸಿ ಮಾಡುವ ಔಷಧಿಯಿಲ್ಲ ಅಂದರು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ನೀನು "ಏನಂತಪ್ಪಾ?" ಅಂದೆ. "ನರದ ವೀಕ್ನೆಸ್ ಅಷ್ಟೇ ಅಕ್ಕ, ಮಾತ್ರೆ ಕೊಟ್ಟವ್ರೆ" ಅಂದುಬಿಟ್ಟೆ. ನೀನು ನಂಬಿದೆಯಾ? ಅಥವಾ ನನಗೋಸ್ಕರ ನಂಬಿದವಳಂತೆ ಇದ್ದೆಯಾ?

ಮಾತು ನಿಂತ ಮೇಲೆ ಅಂಗನವಾಡಿ ಟೀಚರ್ ಕೊಟ್ಟ ಅಕ್ಷರಮಾಲೆಯ ಚಾರ್ಟೇ ನಮ್ಮ ಮಾತುಕತೆ. ನಾನು ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದೆ, ಬೇಕಾದ್ದು ಬಂದಾಗ ನೀನು ಕಣ್ಣು ಮುಚ್ಚುತ್ತಿದ್ದೆ. ಕಾಫಿ. ಫ್ಯಾನು. ಒಮ್ಮೆ "ಗಡ್ಡ ತೆಗಿ" ಅಂತ ಬೈಗುಳ. ಒಂದು ಮಧ್ಯಾಹ್ನ ನಗಿಸೋಣ ಅಂತ ಆ ಹಳೆಯ ವಿಡಿಯೊ ತೋರಿಸಿದೆ. ನಿನ್ನ ಕಣ್ಣು ನಕ್ಕವು. ಆಮೇಲೆ ಚಾರ್ಟಿನ ಕಡೆ ತಿರುಗಿದವು. ಹ. ಸ. ರ.

ಹೆಸರು.

ನನಗೆ ತಕ್ಷಣ ಅರ್ಥವಾಯಿತು, ಅಕ್ಕಾ. ಆದರೂ "ಯಾರ ಹೆಸರಕ್ಕ, ಟೀಚರ್ದಾ?" ಅಂತ ನಾಟಕ ಮಾಡಿದೆ. ನೀನು ಮತ್ತೆ ಅದೇ ಮೂರು ಅಕ್ಷರಕ್ಕೆ ಕಣ್ಣು ಮುಚ್ಚಿದೆ. ಹಾಲು ಉಕ್ಕುತ್ತೆ ಅಂತ ಚಾರ್ಟ್ ಸುತ್ತಿಟ್ಟು ಅಡುಗೆಮನೆಗೆ ಓಡಿದೆ. ಒಲೆ ಮೇಲೆ ಹಾಲು ಇರಲೇ ಇಲ್ಲ. ತಿರುಗಿ ಬಂದಾಗ ನೀನು ಗೋಡೆ ನೋಡುತ್ತಿದ್ದೆ. ಮತ್ತೆ ಕೇಳಲಿಲ್ಲ. ಎರಡು ವಾರಕ್ಕೆ ಹೊರಟೇಹೋದೆ.

ನಿನಗೆ ನೋವಾಗುತ್ತೆ ಅಂತ ಮುಚ್ಚಿಟ್ಟೆ ಅಂದುಕೊಂಡಿದ್ದೆ. ಸುಳ್ಳು. ಹೇಳಿದ ಮೇಲೆ ನಿನ್ನ ಮುಖ ನೋಡುವ ಶಕ್ತಿ ನನಗಿರಲಿಲ್ಲ. ನಿನ್ನ ಮೈಯೊಳಗೆ ಆಗುತ್ತಿದ್ದುದರ ಹೆಸರು ನಿನಗೇ ಇಲ್ಲದ ಹಾಗೆ ಮಾಡಿದೆನಲ್ಲ, ಇದನ್ನು ಹೇಗೆ ಹೊತ್ತುಕೊಂಡು ಓಡಾಡಲಿ?

ಮೊನ್ನೆ ಭಾನುವಾರ ನೀನು ನೆಟ್ಟ ಕರಿಬೇವಿನ ಗಿಡದ ಪಾತಿಯಲ್ಲಿ ಒಂದು ಕೊಡ ನೀರಿಟ್ಟುಕೊಂಡು ಕುಳಿತೆ. ನೀರು ಹಾಳಾಗಬಾರದಲ್ಲ. ಐಸ್ ಇರಲಿಲ್ಲ. ಫೋನ್ ಹಿಡಿದಿದ್ದು ಪಕ್ಕದ ಮನೆ ಹುಡುಗಿ. ಮೊದಲು ನಿನ್ನ ಹೆಸರು ಹೇಳಿದೆ, ಆಮೇಲೆ ಕಾಯಿಲೆಯದು, ನಿನ್ನ ಬೆರಳಿಂದ ಗಂಟು ಜಾರಿದ್ದನ್ನೂ ಹೇಳಿದೆ. ಆಮೇಲೆ ಸುರಿದುಕೊಂಡೆ. ನೋಡಿದವರು ನಮ್ಮ ಬೀದಿಯವರಷ್ಟೇ. ಆದರೆ ಮರುದಿನ ಮೂಲೆಮನೆ ನಾಗಮ್ಮ ಬಂದರು. "ಮಂಜಣ್ಣ, ನಮ್ ಯಜಮಾನ್ರ ಕೈಲೂ ಲೋಟ ನಿಲ್ತಿಲ್ಲ. ಅದೇನಾ?" ನನಗೆ ಗೊತ್ತಿಲ್ಲ ಅಂದೆ. ಬುಧವಾರ ಗಂಡ ಹೆಂಡತಿ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಡಾಕ್ಟರು ಏನೇ ಹೇಳಲಿ, ಅವರನ್ನು ಹೊರಗೆ ಕೂರಿಸಿ ನಾನೊಬ್ಬನೇ ಕೇಳಿಸಿಕೊಳ್ಳುವುದಿಲ್ಲ.

ಅಕ್ಕಾ, ಅದರ ಹೆಸರು ಎ ಎಲ್ ಎಸ್.

ಹೆಸರು ತಿಳಿದುಕೊಂಡು ಬಂದರೆ ನೀನೂ ಸುರಿದುಕೊಳ್ಳುತ್ತೇನೆ ಅಂದಿದ್ದೆ. ಬಂದಿದ್ದೇನೆ. ನಿನ್ನ ಕೊಡ ತುಂಬಿಸಿ ಕರಿಬೇವಿನ ಪಕ್ಕ ಇಟ್ಟಿದ್ದೇನೆ.

ನಿನ್ನ ಮಂಜ