ಹೆಬ್ಬೆರಳು ಕುಣಿಯಿತೇ?

ಕಾರ್ಖಾನೆಯ ಹಿಂದಿನ ಬಾಡಿಗೆ ಕೋಣೆ
ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಕ್ರೇನಿನ ಏಣಿ ಹತ್ತುವಾಗ ನಡುವೆ ನಿಂತು ಸುಧಾರಿಸಿಕೊಳ್ಳುತ್ತೀಯಂತೆ, ಸೋದರಮಾವ ಹೇಳಿದರು. ಅವರ ಮೇಲೆ ರೇಗಬೇಡ. ನೀನು ಮೇಲಿಂದ ಇಳಿಸುವ ಕಬ್ಬಿಣದ ತೊಲೆಗಳನ್ನು ಇಪ್ಪತ್ತು ವರ್ಷದಿಂದ ಕೆಳಗೆ ನಿಂತು ಹಿಡಿಯುತ್ತಿರುವವರಿಗೆ ಅಷ್ಟೂ ಹೇಳುವ ಹಕ್ಕಿಲ್ಲವೇ?

ನಾನು ಚೆನ್ನಾಗಿದ್ದೇನೆ. ಆದರೆ ಹೋದ ವಾರ ನಮ್ಮ ಯಂತ್ರದ ಕೈ ಮಾನ ಕಳೆಯಿತು. ಗಾಜಿನ ಜಾಡಿ ಎತ್ತಿ ಪೆಟ್ಟಿಗೆಗಿಡುವುದು ಅದರ ಕೆಲಸ. ಅದಕ್ಕೂ ನಮ್ಮ ಹಾಗೆ ಎರಡು ಕಣ್ಣು, ಅಂದರೆ ಅಕ್ಕಪಕ್ಕ ಎರಡು ಕ್ಯಾಮೆರಾ. ನಾನು ಚಿಕ್ಕವಳಿದ್ದಾಗ ನೀನು, “ಹೆಬ್ಬೆರಳು ಎತ್ತಿ ಹಿಡಿ, ಒಂದು ಕಣ್ಣು ಮುಚ್ಚು, ಈಗ ಇನ್ನೊಂದು, ಬೆರಳು ಕುಣೀತಾ?” ಅಂತ ಆಟ ಆಡಿಸುತ್ತಿದ್ದೆಯಲ್ಲ, ಅದೇ ಉಪಾಯ. ಹತ್ತಿರದ್ದು ಹೆಚ್ಚು ಕುಣಿಯುತ್ತದೆ, ದೂರದ್ದು ಕಡಿಮೆ. ಅದರಿಂದಲೇ ಯಂತ್ರಕ್ಕೆ ದೂರ ಗೊತ್ತಾಗುವುದು. ಹೊಸ ಅಳತೆಯ ಜಾಡಿ ಬಂತು ನೋಡು, ಎರಡು ಬೆರಳಿನಷ್ಟು ಆಚೆಗೆ ಕೈಹಾಕಿ ಸಾಲುಸಾಲಾಗಿ ಪುಡಿ ಮಾಡಿತು! ಇಂಜಿನಿಯರ್ ಮೂರು ದಿನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಸುಸ್ತಾದ. ಕಡೆಗೆ ಕ್ಯಾಮೆರಾ ಒರೆಸಲು ಹೋದ ನನ್ನ ಉಗುರಿಗೆ ಆ ತಪ್ಪು ಸಿಕ್ಕಿತು. ಸ್ಟೋರಿನ ಪುಣ್ಯಾತ್ಮ ಕ್ಯಾಮೆರಾಕ್ಕೆ ನಂಬರಿನ ಚೀಟಿ ಅಂಟಿಸಿ, ಅದು ಕಿತ್ತುಬರದಿರಲಿ ಅಂತ ಸುತ್ತಿದ್ದ ಟೇಪಿನ ತುದಿ ಎಡಗಣ್ಣನ್ನು ಮುಚ್ಚಿತ್ತು. ತಿಂಗಳಿಡೀ ಯಂತ್ರ ಒಂದೇ ಕಣ್ಣಿನಲ್ಲಿ, ಹಳೇ ಜಾಡಿಯ ಗಾತ್ರ ನಂಬಿಕೊಂಡು, ಅಂದಾಜಿನ ಮೇಲೆ ಕೆಲಸ ಮಾಡಿತ್ತು. ಹಳೇ ಜಾಡಿ ಒಂದೂ ಒಡೆಯದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಎಲ್ಲರೂ ನಕ್ಕರು. ನನಗೆ ಮಾತ್ರ ಭಯವಾಯಿತು ಅಪ್ಪಾ. ನಾನು ಊರಿಗೆ ಬಂದಿದ್ದಾಗ ನೀನು ನಿನ್ನ ಹಳೇ ಲೋಟಕ್ಕೆ ಒಂದು ಹನಿ ಚೆಲ್ಲದೆ ನೀರು ಸುರಿದುಕೊಂಡೆ. ನಾನು ತಂದ ಎತ್ತರದ ಲೋಟ ಮುಂದಿಟ್ಟರೆ ಮೇಜಿಗೆಲ್ಲ ಸುರಿದು, “ಎಂಥ ದರಿದ್ರ ಲೋಟ ತಂದಿದ್ದೀಯೇ” ಅಂತ ನನಗೇ ಬೈದೆ. ಹೊಟ್ಟೆ ಹಿಡಿದುಕೊಂಡು ನಕ್ಕೆ, ಪೆದ್ದಿ ನಾನು. ಕಣ್ಣಿನ ಮಾತೆತ್ತಿದರೆ ಫೋನ್ ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ.

ಅಮ್ಮನಿಗೂ ಮಾವನಿಗೂ ನಮಸ್ಕಾರ ಹೇಳು.

ನಿನ್ನ ಮೊಂಡುತನವನ್ನೆಲ್ಲ ಬಳುವಳಿ ಪಡೆದ,
ಬಾಯಿಬಡುಕಿ ಮಗಳು

ತಾ.ಕ.: ಓದಿದ ಕೂಡಲೇ ಹೆಬ್ಬೆರಳು ಎತ್ತಿ ನೋಡು. ಒಂದು ಕಣ್ಣಿಗೆ ಬೆರಳೇ ಮಸುಕಾದರೆ ರಜೆ ಹಾಕು. ಶನಿವಾರ ಬರುತ್ತೇನೆ, ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ. ಅದರ ಮರುವಾರ ಹೊಸ ಅಳತೆಯ ತೊಲೆಗಳು ಬರುತ್ತವಂತೆ. ಹಟ ಮಾಡಿ ಕ್ರೇನ್ ಹತ್ತುವುದಾದರೆ ಹತ್ತು. ಕೆಳಗೆ ಮಾವನ ಪಕ್ಕದಲ್ಲಿ ನಾನೂ ನಿಂತಿರುತ್ತೇನೆ.